ಆರತಕ್ಷತೆಗೆ ಸ್ಥಳ ಆರಿಸುವುದು: ಮುಂಗಡ ಕೊಡುವ ಮೊದಲು ಯಾವ ಕೆಲಸ, ಯಾವ ಕ್ರಮದಲ್ಲಿ

ಆರತಕ್ಷತೆಯ ದಿನ ಊಟದ ಕೋಣೆಯ ಬಾಗಿಲಲ್ಲಿ ನೂಕುನುಗ್ಗಲು, ವೇದಿಕೆಯ ಮುಂದೆ ಕದಲದ ಸಾಲು, ಗಾಡಿ ನಿಲ್ಲಿಸಲು ಜಾಗವಿಲ್ಲದೆ ಅರ್ಧ ದಾರಿಯಿಂದ ಹಿಂತಿರುಗಿದ ಹಿರಿಯರು: ಇವೆಲ್ಲಕ್ಕೂ ಮೂಲ ಬಹುಪಾಲು ಒಂದೇ ತಪ್ಪು. ಸಭಾಂಗಣವನ್ನು ಮೊದಲು ಮೆಚ್ಚಿ, ಮುಂಗಡ ಕೊಟ್ಟು, ಆಮೇಲೆ ಅತಿಥಿಗಳನ್ನು ಅದರೊಳಗೆ ಹೊಂದಿಸಲು ಹೊರಡುತ್ತೇವೆ. ಕೆಲಸ ಸಾಗಬೇಕಾದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ: ಮೊದಲು ಜನ, ನಂತರ ಅವರ ಅತಿ ದಟ್ಟಣೆಯ ಅರ್ಧ ಗಂಟೆ, ನಂತರ ಚದರ ಅಡಿ, ನಂತರ ಹಣ, ಕೊನೆಗೆ ಕಟ್ಟಡ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಿ; ಯಾವುದನ್ನಾದರೂ ಬಿಟ್ಟು ಮುಂದೆ ಹೋದರೆ ಅದರ ನಂತರದ ಲೆಕ್ಕಗಳೆಲ್ಲ ಊಹೆಯಾಗಿಬಿಡುತ್ತವೆ.

ಕೈಯಲ್ಲಿ ಇರಬೇಕಾದವು

ಕನಿಷ್ಠ 15 ಮೀಟರ್ ಉದ್ದದ ಅಳತೆ ಟೇಪು, ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್, ಫೋಟೊ ತೆಗೆಯಬಲ್ಲ ಫೋನು, ಮತ್ತು ಎರಡೂ ಮನೆಯವರು ತಿದ್ದಬಹುದಾದ ಒಂದೇ ಅತಿಥಿ ಪಟ್ಟಿ ಸಾಕು. ಪಟ್ಟಿ ಕಾಗದದ ಮೇಲಿದ್ದರೂ ಸರಿ, ಕಂಪ್ಯೂಟರಿನಲ್ಲಿದ್ದರೂ ಸರಿ, ಆದರೆ ಅದು ಒಂದೇ ಆಗಿರಬೇಕು. ಎರಡು ಮನೆಗಳಲ್ಲಿ ಎರಡು ಪಟ್ಟಿಗಳು ಬೆಳೆಯುತ್ತ ಹೋದರೆ ಇಬ್ಬರಿಗೂ ಪರಿಚಯವಿರುವವರು ಎರಡು ಸಲ ಎಣಿಕೆಗೆ ಬರುತ್ತಾರೆ, ಇಬ್ಬರೂ ಕರೆಯಬೇಕಾದ ಕೆಲವರು ಎರಡರಲ್ಲೂ ಬಿಟ್ಟುಹೋಗುತ್ತಾರೆ.

ಹಂತ 1: ಆಹ್ವಾನಿತರ ಸಂಖ್ಯೆಯಿಂದ ಬರುವವರ ಸಂಖ್ಯೆಗೆ

ಪಟ್ಟಿಯನ್ನು ವ್ಯಕ್ತಿಗಳ ಹೆಸರಿನಲ್ಲಿ ಬರೆಯದೆ ಮನೆಗಳ ಲೆಕ್ಕದಲ್ಲಿ ಬರೆಯಿರಿ. ಪ್ರತಿ ಮನೆಯ ಮುಂದೆ ಎಷ್ಟು ಜನ ಎಂಬುದನ್ನು ಅಂಕಿಯಲ್ಲಿ ನಮೂದಿಸಿ. ಆಮೇಲೆ ಪ್ರತಿ ಮನೆಗೂ ‘ಖಂಡಿತ ಬರುತ್ತಾರೆ’, ‘ಬರಬಹುದು’, ‘ಅನುಮಾನ’ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಹಾಕಿ. ಖಂಡಿತ ಬರುವವರನ್ನು ಪೂರ್ತಿಯಾಗಿ, ಬರಬಹುದಾದವರನ್ನು ಅರ್ಧಕ್ಕೆ, ಅನುಮಾನದವರನ್ನು ಕಾಲು ಭಾಗಕ್ಕೆ ಎಣಿಸಿದರೆ ನಂಬಬಹುದಾದ ಒಂದು ಸಂಖ್ಯೆ ಸಿಗುತ್ತದೆ. ಉದಾಹರಣೆಗೆ 700 ಜನರ ಪಟ್ಟಿಯಲ್ಲಿ 400 ಖಂಡಿತ, 200 ಬರಬಹುದು, 100 ಅನುಮಾನ ಎಂದಿದ್ದರೆ 400 + 100 + 25, ಅಂದರೆ 525 ಜನರಿಗಾಗಿ ಯೋಜಿಸಬೇಕು. ಮುಂದಿನ ಹಂತಗಳಲ್ಲಿ ಇದೇ 525ನ್ನು ಬಳಸುತ್ತೇನೆ. ನೀವು ನಿಮ್ಮ ಸಂಖ್ಯೆಯನ್ನು ಇಟ್ಟು ಲೆಕ್ಕ ಹಾಕಿ.

ಈ ಹಂತದಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಮೊದಲನೆಯದು, ಚಿಕ್ಕ ಮಕ್ಕಳನ್ನು ಎಣಿಸದೆ ಬಿಡುವುದು. ಮಗುವಿಗೂ ಕುರ್ಚಿ ಬೇಕು, ತಳ್ಳುಗಾಡಿಗೆ ಜಾಗ ಬೇಕು. ಎರಡನೆಯದು, ಫೋಟೊ ತೆಗೆಯುವವರು, ವಾದ್ಯದವರು, ಅಲಂಕಾರದವರು, ಚಾಲಕರು, ಬಡಿಸುವವರು ಮುಂತಾಗಿ ಕೆಲಸಕ್ಕೆ ಬಂದವರನ್ನು ಮರೆಯುವುದು. ಅವರಿಗೂ ಊಟವಿದೆ, ಅವರ ಸಾಮಾನಿಗೆ ಜಾಗವಿದೆ. ಆ ಸಂಖ್ಯೆಯನ್ನು ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆದಿಡಿ.

ಹಂತ 2: ಅತಿ ದಟ್ಟಣೆಯ ಅರ್ಧ ಗಂಟೆಯನ್ನು ಕಂಡುಹಿಡಿಯಿರಿ

ಬಹಳ ಜನ ಬಿಟ್ಟುಬಿಡುವ ಹಂತ ಇದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಎಲ್ಲರೂ ಒಟ್ಟಿಗೆ ಬಂದು, ಒಟ್ಟಿಗೆ ಕುಳಿತು, ಒಟ್ಟಿಗೆ ಏಳುವ ಕಾರ್ಯಕ್ರಮವಾದರೆ ಲೆಕ್ಕ ಸುಲಭ: 525 ಜನರಿಗೂ ಏಕಕಾಲಕ್ಕೆ ಆಸನ ಬೇಕು. ಆದರೆ ಅತಿಥಿಗಳು ಬಂದು, ವಧೂವರರನ್ನು ಹಾರೈಸಿ, ಊಟ ಮುಗಿಸಿ ಹೊರಡುವ ರೀತಿಯ ಆರತಕ್ಷತೆಯಲ್ಲಿ ಒಂದು ಕ್ಷಣದಲ್ಲಿ ಒಳಗೆ ಇರುವವರ ಸಂಖ್ಯೆ ಒಟ್ಟು ಸಂಖ್ಯೆಗಿಂತ ಕಡಿಮೆಯಿರುತ್ತದೆ.

ಅದನ್ನು ಹೀಗೆ ಅಂದಾಜಿಸಬಹುದು. ಮೊದಲ ಗಂಟೆಯಲ್ಲಿ ನೂರಕ್ಕೆ 30 ಜನ, ಎರಡನೆಯ ಗಂಟೆಯಲ್ಲಿ 45 ಜನ, ಮೂರನೆಯ ಗಂಟೆಯಲ್ಲಿ 25 ಜನ ಬರುತ್ತಾರೆ ಎಂದುಕೊಳ್ಳಿ. ಪ್ರತಿಯೊಬ್ಬರೂ ಒಂದೂವರೆ ಗಂಟೆ ಇರುತ್ತಾರೆ ಎನ್ನಿ. ಎರಡನೆಯ ಗಂಟೆಯ ಕೊನೆಗೆ, ಆ ಗಂಟೆಯಲ್ಲಿ ಬಂದ 45 ಜನರೂ ಮೊದಲ ಗಂಟೆಯ ಉತ್ತರಾರ್ಧದಲ್ಲಿ ಬಂದ 15 ಜನರೂ ಇನ್ನೂ ಒಳಗೇ ಇರುತ್ತಾರೆ. ಅಂದರೆ ನೂರಕ್ಕೆ 60. ನಮ್ಮ 525 ಜನರ ಉದಾಹರಣೆಯಲ್ಲಿ ಇದು 315 ಆಗುತ್ತದೆ. ಅದರ ಮೇಲೆ ನೂರಕ್ಕೆ 10ರಷ್ಟು ಸೇರಿಸಿ 350 ಎಂದು ಹಿಡಿಯಿರಿ. ನಿಮ್ಮ ಸಭಾಂಗಣ ಹಿಡಿಯಬೇಕಾದದ್ದು 700 ಜನರನ್ನೂ ಅಲ್ಲ, 525 ಜನರನ್ನೂ ಅಲ್ಲ, ಈ 350 ಜನರನ್ನು. ಬಂಧುಗಳು ಹೆಚ್ಚು ಹೊತ್ತು ಉಳಿಯುವರೆಂದು ಗೊತ್ತಿದ್ದರೆ ಅವರನ್ನು ಪೂರ್ತಿ ಅವಧಿಗೆ ಎಣಿಸಿ ಲೆಕ್ಕವನ್ನು ಮತ್ತೊಮ್ಮೆ ಮಾಡಿ.

ಇದರ ಜೊತೆಗೇ ಎರಡು ಸಾಲುಗಳ ಲೆಕ್ಕವನ್ನೂ ಮುಗಿಸಿ. ಮೊದಲನೆಯದು ವಧೂವರರನ್ನು ಕಾಣುವ ಸಾಲು. 525 ಜನ ಮೂವರ ಗುಂಪುಗಳಾಗಿ ಬಂದರೆ 175 ಗುಂಪುಗಳಾಗುತ್ತವೆ. ಹಾರೈಕೆಗೂ ಫೋಟೊಗೂ ಸೇರಿ ಪ್ರತಿ ಗುಂಪಿಗೆ 40 ಸೆಕೆಂಡು ಹಿಡಿದರೆ ಸುಮಾರು 2 ಗಂಟೆ, ಒಂದು ನಿಮಿಷ ಹಿಡಿದರೆ ಸುಮಾರು 3 ಗಂಟೆ ಬೇಕು. ಕಾರ್ಯಕ್ರಮದ ಅವಧಿ ಇದಕ್ಕಿಂತ ಕಡಿಮೆಯಿದ್ದರೆ ಎಷ್ಟು ದೊಡ್ಡ ಸಭಾಂಗಣ ಹಿಡಿದರೂ ಸಾಲು ಕರಗುವುದಿಲ್ಲ.

ಎರಡನೆಯದು ಊಟದ ಸಾಲು. ಕುಳಿತು ತಿಂದು ಏಳಲು ಮತ್ತು ಮೇಜು ಶುಚಿಗೊಳಿಸಲು ಒಟ್ಟು 40 ನಿಮಿಷ ಎಂದಿಟ್ಟುಕೊಳ್ಳಿ. ಊಟದ ಕೋಣೆಯಲ್ಲಿ 150 ಆಸನಗಳಿದ್ದರೆ 525 ಜನರಿಗೆ ನಾಲ್ಕು ಸರದಿ, ಅಂದರೆ 2 ಗಂಟೆ 40 ನಿಮಿಷ. ಆಸನಗಳು 100 ಮಾತ್ರ ಇದ್ದರೆ ಆರು ಸರದಿ, ಪೂರ್ತಿ 4 ಗಂಟೆ. ಮುಖ್ಯ ಸಭಾಂಗಣ ಭವ್ಯವಾಗಿದ್ದು ಊಟದ ಕೋಣೆ ಇಕ್ಕಟ್ಟಾಗಿರುವ ಸ್ಥಳವನ್ನು ಈ ಒಂದು ಲೆಕ್ಕದಿಂದಲೇ ತಳ್ಳಿಹಾಕಬಹುದು.

ಹಂತ 3: ಜನರನ್ನು ಚದರ ಅಡಿಗೆ ಪರಿವರ್ತಿಸಿ

‘ಸಾವಿರ ಜನ ಹಿಡಿಯುತ್ತದೆ’ ಎಂಬ ಮಾತಿಗೆ ಸ್ವತಃ ಯಾವ ಅರ್ಥವೂ ಇಲ್ಲ. ನಿಂತಿರುವ ಸಾವಿರ ಜನರೋ, ಸಾಲು ಕುರ್ಚಿಗಳಲ್ಲಿ ಕುಳಿತ ಸಾವಿರ ಜನರೋ, ದುಂಡು ಮೇಜಿನ ಸುತ್ತ ಕುಳಿತವರೋ, ವೇದಿಕೆ ಹಾಕಿದ ಮೇಲೋ ಹಾಕುವ ಮೊದಲೋ ಎಂದು ಕೇಳಿದಾಗ ಆ ಸಂಖ್ಯೆ ಅರ್ಧಕ್ಕೆ ಇಳಿಯುವುದು ಅಪರೂಪವಲ್ಲ.

ಅಳೆಯಲು ಈ ಅಂದಾಜುಗಳನ್ನು ಬಳಸಿ. ನಿಂತಿರುವವರಿಗೆ ತಲಾ 6ರಿಂದ 8 ಚದರ ಅಡಿ. ಸಾಲು ಕುರ್ಚಿಯಲ್ಲಿ ಕುಳಿತವರಿಗೆ ನಡುವಿನ ದಾರಿ ಸೇರಿ 10 ಚದರ ಅಡಿ. ದುಂಡು ಮೇಜಿನ ಸುತ್ತ ಕುಳಿತು ಊಟ ಮಾಡುವವರಿಗೆ 12ರಿಂದ 15 ಚದರ ಅಡಿ. 5 ಅಡಿ ವ್ಯಾಸದ ದುಂಡು ಮೇಜಿಗೆ 8 ಜನ, 6 ಅಡಿ ವ್ಯಾಸದ್ದಕ್ಕೆ 10 ಜನ ಆರಾಮವಾಗಿ ಕೂರುತ್ತಾರೆ; ಅದಕ್ಕಿಂತ ಹೆಚ್ಚು ಕುರ್ಚಿಗಳನ್ನು ತುರುಕಿ ತೋರಿಸುವ ನಕ್ಷೆಯನ್ನು ಒಪ್ಪಬೇಡಿ.

ನಮ್ಮ 350 ಜನರಲ್ಲಿ 150 ಮಂದಿ ಊಟದಲ್ಲಿ, 60 ಮಂದಿ ಸಾಲಿನಲ್ಲಿ, 140 ಮಂದಿ ಕುರ್ಚಿಗಳಲ್ಲಿ ಇದ್ದಾರೆ ಎಂದುಕೊಳ್ಳಿ. ಕುರ್ಚಿಗಳಿಗೆ 1,400 ಚದರ ಅಡಿ, ಸಾಲಿಗೆ 360, 30 ಅಡಿ ಅಗಲ 15 ಅಡಿ ಆಳದ ವೇದಿಕೆಗೆ 450, ವೇದಿಕೆಯ ಮುಂದೆ 12 ಅಡಿ ತೆರಪಿಗೆ 360, ಕ್ಯಾಮೆರಾ ಮತ್ತು ಧ್ವನಿ ಸಲಕರಣೆಗಳಿಗೆ 150. ಇವುಗಳ ಮೊತ್ತ 2,720. ಓಡಾಟಕ್ಕೆ ನೂರಕ್ಕೆ 10 ಸೇರಿಸಿದರೆ ಮುಖ್ಯ ಸಭಾಂಗಣಕ್ಕೆ ಸುಮಾರು 3,000 ಚದರ ಅಡಿ ಬೇಕು, ಊಟಕ್ಕೆ ಪ್ರತ್ಯೇಕವಾಗಿ 150 ಜನರಿಗೆ 15ರಂತೆ 2,250. ಅತಿಥಿಗಳೇ ತಟ್ಟೆ ಹಿಡಿದು ಬಡಿಸಿಕೊಳ್ಳುವ ಏರ್ಪಾಡಾದರೆ ಬಡಿಸುವ ಮೇಜುಗಳಿಗೂ ಅವುಗಳ ಮುಂದಿನ ಸಾಲಿಗೂ ಇದರ ಮೇಲೆ ಜಾಗ ಕೂಡಿಸಬೇಕು.

ಅಗತ್ಯಕ್ಕಿಂತ ಬಹಳ ದೊಡ್ಡ ಸ್ಥಳವೂ ಒಳ್ಳೆಯದಲ್ಲ. ಮುಕ್ಕಾಲು ಪಾಲು ಖಾಲಿ ಕುರ್ಚಿಗಳ ನಡುವೆ ಕುಳಿತ ಅತಿಥಿಗೆ ತಾನು ತಪ್ಪು ಹೊತ್ತಿಗೆ ಬಂದೆನೇನೋ ಎನ್ನಿಸುತ್ತದೆ, ಅಲಂಕಾರದ ಖರ್ಚೂ ಏರುತ್ತದೆ.

ಹಂತ 4: ಬಾಡಿಗೆಯನ್ನಲ್ಲ, ಒಟ್ಟು ವೆಚ್ಚವನ್ನು ಹೋಲಿಸಿ

ಎರಡು ಸ್ಥಳಗಳ ಬಾಡಿಗೆಯನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡುವುದು ಮೋಸಹೋಗುವ ಸುಲಭ ದಾರಿ. ಪ್ರತಿ ಸ್ಥಳಕ್ಕೂ ಬಾಡಿಗೆ, ತೆರಿಗೆ, ವಿದ್ಯುತ್ ಶುಲ್ಕ, ಜನರೇಟರಿನ ಇಂಧನ, ಶುಚಿತ್ವದ ಶುಲ್ಕ, ಕುರ್ಚಿ ಮೇಜುಗಳ ಬಾಡಿಗೆ, ಹೆಚ್ಚುವರಿ ಗಂಟೆಯ ದರ, ಹೊರಗಿನ ಅಡುಗೆಯವರನ್ನೋ ಅಲಂಕಾರದವರನ್ನೋ ಕರೆತಂದರೆ ಕೊಡಬೇಕಾದ ಶುಲ್ಕ ಇವನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದು ಕೂಡಿ. ಬಂದ ಮೊತ್ತವನ್ನು ಆಹ್ವಾನಿತರ ಸಂಖ್ಯೆಯಿಂದಲ್ಲ, ಬರುವವರ ಸಂಖ್ಯೆಯಿಂದ ಭಾಗಿಸಿ. ಮರಳಿ ಬರಬೇಕಾದ ಠೇವಣಿಯನ್ನು ವೆಚ್ಚದಲ್ಲಿ ಸೇರಿಸಬೇಡಿ, ಆದರೆ ಅದು ಕೈಬಿಟ್ಟು ಹೋಗಿರುವ ಅವಧಿಯಲ್ಲಿ ನಿಮ್ಮಲ್ಲಿ ಉಳಿದ ಹಣ ಸಾಕೇ ಎಂದು ನೋಡಿಕೊಳ್ಳಿ. ಕೊನೆಯ ಗಳಿಗೆಯ ಖರ್ಚಿಗೆಂದು ಒಟ್ಟು ಮೊತ್ತದ ನೂರಕ್ಕೆ 10ರಿಂದ 15 ಭಾಗವನ್ನು ಮುಟ್ಟದೆ ಇಡಿ.

ಊಟವನ್ನೂ ಸೇರಿಸಿ ತಲಾ ಇಷ್ಟು ಎಂದು ದರ ಹೇಳುವ ಸ್ಥಳಗಳಲ್ಲಿ ‘ಕನಿಷ್ಠ ಖಾತರಿ ಸಂಖ್ಯೆ’ ಎಂಬ ಷರತ್ತು ಇರುತ್ತದೆ. ಅತಿಥಿಗಳು ಕಡಿಮೆ ಬಂದರೂ ಅಷ್ಟು ಜನರ ಹಣ ಕೊಡಲೇಬೇಕು. ಈ ಸಂಖ್ಯೆಯನ್ನು ಹಂತ 1ರ ಅಂದಾಜಿಗಿಂತ ಕೆಳಗೆ ಒಪ್ಪಿಸಿ, ಹೆಚ್ಚು ಬಂದವರಿಗೆ ಅದೇ ದರ ಅನ್ವಯಿಸುವಂತೆ ಕೇಳಿ.

ಹಂತ 5: ದಿನಾಂಕ ಮತ್ತು ಗಂಟೆಗಳು

ಸಾಧ್ಯವಾದರೆ ಎರಡು ಮೂರು ದಿನಾಂಕಗಳನ್ನು ಇಟ್ಟುಕೊಂಡೇ ವಿಚಾರಿಸಿ. ದಿನಕ್ಕಿಂತ ಹೆಚ್ಚಾಗಿ ಗಂಟೆಗಳನ್ನು ಕೇಳಬೇಕು: ಕೀಲಿ ನಿಮ್ಮ ಕೈಗೆ ಬರುವುದು ಎಷ್ಟಕ್ಕೆ, ಪೂರ್ತಿ ಖಾಲಿ ಮಾಡಬೇಕಾದದ್ದು ಎಷ್ಟಕ್ಕೆ, ಅದೇ ದಿನ ನಿಮಗಿಂತ ಮೊದಲು ಬೇರೆ ಕಾರ್ಯಕ್ರಮವಿದೆಯೇ. ವೇದಿಕೆ, ದೀಪ, ಹೂವು, ಧ್ವನಿ ಎಲ್ಲಕ್ಕೂ ಸೇರಿ ನಾಲ್ಕರಿಂದ ಆರು ಗಂಟೆ ಬೇಕು. ಹಿಂದಿನ ಕಾರ್ಯಕ್ರಮ ಮುಗಿಯುವುದಕ್ಕೂ ನಿಮ್ಮದು ಶುರುವಾಗುವುದಕ್ಕೂ ನಡುವೆ ಅಷ್ಟು ಅಂತರ ಇಲ್ಲದಿದ್ದರೆ ಆ ಸ್ಥಳವನ್ನು ಪಟ್ಟಿಯಿಂದ ತೆಗೆಯಿರಿ.

ಹಂತ 6: ಫೋನಿನಲ್ಲೇ ಜರಡಿ ಹಿಡಿಯಿರಿ

ಹತ್ತು ಸ್ಥಳಗಳನ್ನು ಸುತ್ತಿ ಬರುವುದು ವ್ಯರ್ಥ ಶ್ರಮ. ನಾಲ್ಕನೆಯದನ್ನು ನೋಡುವ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ. ಸಭಾಂಗಣ ಮತ್ತು ಊಟದ ಕೋಣೆಯ ಚದರ ಅಡಿ, ಊಟದ ಆಸನಗಳ ಸಂಖ್ಯೆ, ಲಭ್ಯವಿರುವ ಗಂಟೆಗಳು, ಒಟ್ಟು ವೆಚ್ಚ ಈ ನಾಲ್ಕನ್ನು ಫೋನಿನಲ್ಲೇ ಕೇಳಿ, ಮೂರು ಸ್ಥಳಗಳನ್ನು ಉಳಿಸಿಕೊಳ್ಳಿ. ಅಳತೆ ಕೇಳಿದಾಗ ‘ಬಂದು ನೋಡಿ, ತುಂಬ ದೊಡ್ಡದಿದೆ’ ಎಂಬ ಉತ್ತರವೇ ಮತ್ತೆ ಮತ್ತೆ ಬಂದರೆ ಅದನ್ನು ಮೊದಲ ಎಚ್ಚರಿಕೆಯೆಂದು ತಿಳಿಯಿರಿ.

ಹಂತ 7: ಸ್ಥಳಕ್ಕೆ ಭೇಟಿ

ನಿಮ್ಮ ಕಾರ್ಯಕ್ರಮ ನಡೆಯುವ ವಾರದ ದಿನದಂದೇ, ಅದೇ ಹೊತ್ತಿಗೆ ಹೋಗಿ. ಸಂಜೆಯ ಆರತಕ್ಷತೆಗೆ ಬೆಳಗಿನ ಬಿಡುವಿನಲ್ಲಿ ಸ್ಥಳ ನೋಡಿದವರಿಗೆ ಸಂಜೆಯ ವಾಹನ ದಟ್ಟಣೆಯಾಗಲಿ, ಪಕ್ಕದ ಕಟ್ಟಡದ ಸದ್ದಾಗಲಿ, ಕತ್ತಲಾದ ಮೇಲೆ ಹಾದಿಯ ಬೆಳಕಾಗಲಿ ತಿಳಿಯುವುದಿಲ್ಲ. ಜೊತೆಗೆ ಮೆಟ್ಟಿಲು ಹತ್ತಲು ಕಷ್ಟಪಡುವ ಹಿರಿಯರೊಬ್ಬರನ್ನು, ಅವರ ಒಪ್ಪಿಗೆಯಿದ್ದರೆ, ಕರೆದುಕೊಂಡು ಹೋಗಿ. ನಮ್ಮ ಕಣ್ಣಿಗೆ ಬೀಳದ ಅಡಚಣೆಗಳನ್ನು ಅವರು ಐದು ನಿಮಿಷದಲ್ಲಿ ತೋರಿಸುತ್ತಾರೆ.

ಹೊರಗಿನಿಂದ ಶುರುಮಾಡಿ. ಒಂದು ಕಾರು ನಿಲ್ಲಲು ಮತ್ತು ತಿರುಗಲು ಬೇಕಾದ ದಾರಿ ಸೇರಿ 25ರಿಂದ 30 ಚದರ ಮೀಟರ್ ಹಿಡಿಯಬೇಕು. 350 ಜನರಲ್ಲಿ ಮೂರರಲ್ಲಿ ಎರಡು ಪಾಲು ಜನ ಕಾರಿನಲ್ಲಿ, ಒಂದು ಕಾರಿಗೆ ಮೂವರಂತೆ ಬಂದರೆ ಸುಮಾರು 78 ಕಾರುಗಳಾಗುತ್ತವೆ. ಅವುಗಳಿಗೆ ಸುಮಾರು 2,000 ಚದರ ಮೀಟರ್ ಜಾಗ ಬೇಕು. ಅಷ್ಟಿಲ್ಲದಿದ್ದರೆ ಹತ್ತಿರದಲ್ಲಿ ಇನ್ನೊಂದು ನಿಲುಗಡೆ ಜಾಗ ಸಿಗುವುದೇ, ಅದರ ಬಾಡಿಗೆ ಯಾರದು ಎಂದು ಅಲ್ಲೇ ಕೇಳಿ.

ಒಳಗೆ ಬಂದ ಮೇಲೆ ಟೇಪು ಹಿಡಿದು ಉದ್ದಗಲ ಅಳೆಯಿರಿ. ಹೇಳಿದ ಅಳತೆಯಲ್ಲಿ ಪಡಸಾಲೆ, ಮೆಟ್ಟಿಲು, ಕಂಬಗಳ ಜಾಗವೂ ಸೇರಿರುವುದುಂಟು. ಕಂಬಗಳಿದ್ದರೆ ಅವುಗಳ ಹಿಂದೆ ಕುಳಿತು ವೇದಿಕೆ ಕಾಣುವುದೇ ಎಂದು ನೋಡಿ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ: ಸದ್ದು ಬಹಳ ಹೊತ್ತು ಗುಂಯ್‌ಗುಟ್ಟಿದರೆ ಆ ಸಭಾಂಗಣದಲ್ಲಿ ಮೈಕಿನ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ. ಖಾಲಿ ಸಭಾಂಗಣಕ್ಕಿಂತ ಜನರಿರುವಾಗ ಪ್ರತಿಧ್ವನಿ ಕಡಿಮೆಯಾಗುತ್ತದೆ ಎಂಬುದು ನಿಜ, ಆದರೆ ಬರಿಯ ಗಾಜು ಮತ್ತು ಕಲ್ಲಿನ ಗೋಡೆಗಳಿದ್ದರೆ ಅದನ್ನೇ ನಂಬಿ ಕೂರಬೇಡಿ.

ಸೆಖೆಯ ವಿಷಯದಲ್ಲಿ ಒಂದು ಅಂಕಿ ನೆನಪಿರಲಿ. ಸುಮ್ಮನೆ ಕುಳಿತ ಒಬ್ಬ ವ್ಯಕ್ತಿ ಸುಮಾರು 100 ವ್ಯಾಟ್ ಶಾಖವನ್ನು ಹೊರಸೂಸುತ್ತಾನೆ. ಮುಖ್ಯ ಸಭಾಂಗಣದಲ್ಲಿ 200 ಜನರಿದ್ದರೆ ಅದು 20 ಕಿಲೋವ್ಯಾಟ್. ಒಂದು ಟನ್ ಹವಾನಿಯಂತ್ರಣ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕುವುದರಿಂದ ಜನರ ಶಾಖಕ್ಕೇ ಸುಮಾರು 6 ಟನ್ ಬೇಕು. ದೀಪ, ಬಿಸಿಲು ಬಿದ್ದ ಛಾವಣಿ, ತೆರೆದ ಬಾಗಿಲು ಇದರ ಮೇಲೆ. ಖಾಲಿ ಸಭಾಂಗಣ ತಂಪಾಗಿದೆ ಎಂಬುದು ಯಾವ ಸಾಕ್ಷಿಯೂ ಅಲ್ಲ.

ಜನರೇಟರಿನ ಬಗ್ಗೆ ‘ಇದೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಅದರ ಫಲಕದ ಮೇಲಿನ ಕೆವಿಎ ಸಂಖ್ಯೆಯನ್ನು 0.8ರಿಂದ ಗುಣಿಸಿದರೆ ಸಾಮಾನ್ಯವಾಗಿ ಕಿಲೋವ್ಯಾಟ್ ಸಿಗುತ್ತದೆ, 62.5 ಕೆವಿಎ ಎಂದರೆ 50 ಕಿಲೋವ್ಯಾಟ್. ಅದು ಯಾವ ಯಾವುದಕ್ಕೆ ಜೋಡಣೆಯಾಗಿದೆ ಎಂಬುದು ಇನ್ನೂ ಮುಖ್ಯ. ನಮ್ಮ ಮನೆಯ ಒಂದು ಆರತಕ್ಷತೆಯಲ್ಲಿ ವಿದ್ಯುತ್ ಹೋದಾಗ ಜನರೇಟರ್ ತಕ್ಷಣ ಶುರುವಾಯಿತು, ದೀಪಗಳೂ ಬೆಳಗಿದವು. ಆದರೆ ಲಿಫ್ಟ್ ಮತ್ತು ನೀರಿನ ಪಂಪು ಅದರ ಜೋಡಣೆಯಲ್ಲಿ ಇರಲಿಲ್ಲ, ಊಟದ ಕೋಣೆಯಿದ್ದದ್ದು ಎರಡನೆಯ ಮಹಡಿಯಲ್ಲಿ. ಅಂದಿನಿಂದ ನಾನು ಮುಖ್ಯ ಸ್ವಿಚ್ ಆರಿಸಿ ತೋರಿಸಿ ಎಂದು ಕೇಳದೆ ಯಾವ ಸ್ಥಳವನ್ನೂ ಒಪ್ಪಿಲ್ಲ.

ಸುರಕ್ಷತೆಯಲ್ಲಿ ರಾಜಿ ಬೇಡ. ಹೊರಹೋಗಲು ಒಂದಕ್ಕೊಂದು ದೂರವಿರುವ ಕನಿಷ್ಠ ಎರಡು ಬಾಗಿಲುಗಳಿರಬೇಕು. ಅವು ಹೊರಮುಖವಾಗಿ ತೆರೆಯಬೇಕು, ಬೀಗವಿರಬಾರದು, ಅವುಗಳ ಮುಂದೆ ಕುರ್ಚಿಗಳನ್ನು ಪೇರಿಸಿರಬಾರದು. ಅಗ್ನಿಶಾಮಕ ಸಿಲಿಂಡರಿನ ಮೇಲಿನ ದಿನಾಂಕ ಓದಿ. ಗಾಲಿಕುರ್ಚಿಗೆ ಇಳಿಜಾರು ದಾರಿಯಿದ್ದರೆ ಒಂದು ಅಡಿ ಏರಿಕೆಗೆ 12 ಅಡಿ ಉದ್ದವಿರಬೇಕು, ಬಾಗಿಲು ಸುಮಾರು 90 ಸೆಂಟಿಮೀಟರ್ ಅಗಲವಿರಬೇಕು. ಅದಕ್ಕಿಂತ ಕಡಿದಾದ ಇಳಿಜಾರು ಇದ್ದೂ ಇಲ್ಲದಂತೆ. ಶೌಚಾಲಯಗಳನ್ನು, ಅದರಲ್ಲೂ ಮಹಿಳೆಯರದನ್ನು, ಒಳಗೆ ಹೋಗಿ ಎಣಿಸಿ. ನಲ್ಲಿ ತಿರುಗಿಸಿ ನೋಡಿ.

ಅಡುಗೆ ಕೋಣೆಯಿಂದ ಊಟದ ಕೋಣೆಗೆ ಹೆಜ್ಜೆ ಎಣಿಸಿ ನಡೆಯಿರಿ. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೇ ಇರಬೇಕು, ಆರಿದ ಆಹಾರ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಆದ್ದರಿಂದ ಬಿಸಿ ಕಾಯುವ ಪಾತ್ರೆಗಳಿಗೆ ಊಟದ ಕೋಣೆಯಲ್ಲೇ ವಿದ್ಯುತ್ ಅಥವಾ ಒಲೆಯ ವ್ಯವಸ್ಥೆ ಇದೆಯೇ ಎಂದು ನೋಡಿ. ಬಯಲಿನಲ್ಲಿ ನಡೆಸುವುದಾದರೆ ಮಳೆ ಬಂದಾಗ ಅದೇ 350 ಜನ ಹೋಗಬಹುದಾದ ಮುಚ್ಚಿದ ಜಾಗ ಯಾವುದು ಎಂದು ಕೇಳಿ. ‘ಆ ಕಾಲದಲ್ಲಿ ಮಳೆ ಬರುವುದಿಲ್ಲ’ ಎಂಬುದು ಉತ್ತರವಲ್ಲ.

ಹಂತ 8: ಕರಾರು, ಆಮೇಲಷ್ಟೇ ಮುಂಗಡ

ಬಾಯಿಮಾತಿನಲ್ಲಿ ಒಪ್ಪಿದ್ದೆಲ್ಲ ಕಾಗದದ ಮೇಲೆ ಬರಬೇಕು. ದಿನಾಂಕ, ಒಳಬರುವ ಮತ್ತು ಖಾಲಿ ಮಾಡುವ ಗಂಟೆ, ಯಾವ ಯಾವ ಕೋಣೆಗಳು, ಎಷ್ಟು ಕುರ್ಚಿ ಮೇಜು, ಜನರೇಟರ್ ಯಾವುದಕ್ಕೆ, ಸಂಗೀತ ಎಷ್ಟು ಗಂಟೆಯವರೆಗೆ, ಹೊರಗಿನ ಅಡುಗೆಯವರಿಗೆ ಅನುಮತಿ ಇದೆಯೇ, ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದು ಸ್ಪಷ್ಟವಾಗಿರಲಿ. ರದ್ದತಿಯ ಷರತ್ತನ್ನು ಎರಡೂ ಕಡೆಯಿಂದ ಓದಿ: ನೀವು ರದ್ದು ಮಾಡಿದರೆ ಎಷ್ಟು ಹೋಗುತ್ತದೆ ಎಂಬುದು ಪ್ರತಿ ಕರಾರಿನಲ್ಲೂ ಇರುತ್ತದೆ, ಅವರು ರದ್ದು ಮಾಡಿದರೆ ನಿಮಗೇನು ಎಂಬುದನ್ನು ಕೇಳಿ ಬರೆಸಬೇಕಾಗುತ್ತದೆ. ದಿನಾಂಕ ಮುಂದೂಡಬೇಕಾದರೆ ಮುಂಗಡ ಉಳಿಯುವುದೇ ಎಂಬ ಸಾಲೂ ಇರಲಿ.

ಇಲ್ಲಿ ಹಿಂದೆ ಸರಿಯಬೇಕಾದ ಲಕ್ಷಣಗಳು ಸ್ಪಷ್ಟ. ‘ಇನ್ನೊಬ್ಬರು ಸಂಜೆ ಬರುತ್ತಿದ್ದಾರೆ, ಈಗಲೇ ಕೊಡಿ’ ಎಂಬ ಒತ್ತಡ, ರಸೀದಿ ಇಲ್ಲದೆ ನಗದು ಕೇಳುವುದು, ಪೂರ್ತಿ ಹಣವನ್ನು ಮೊದಲೇ ಕೇಳುವುದು, ‘ಇತರೆ ಶುಲ್ಕಗಳು ವಾಸ್ತವಕ್ಕೆ ತಕ್ಕಂತೆ’ ಎಂಬ ಮಿತಿಯಿಲ್ಲದ ಸಾಲು, ಪರವಾನಗಿ ಕೇಳಿದಾಗ ಮಾತು ಮರೆಸುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಸ್ಥಳ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯ ಎರಡನೆಯ ಸ್ಥಳಕ್ಕೆ ಫೋನು ಮಾಡಿ. ಮೂರನ್ನು ಉಳಿಸಿಕೊಳ್ಳಿ ಎಂದದ್ದು ಇದಕ್ಕಾಗಿಯೇ.

ಹಂತ 9: ಕಾಯ್ದಿರಿಸಿದ ಮೇಲೆ

ಕಾರ್ಯಕ್ರಮಕ್ಕೆ ಒಂದು ತಿಂಗಳಿರುವಾಗ ಪಟ್ಟಿಯ ಗುರುತುಗಳನ್ನು ತಿದ್ದಿ, ದಟ್ಟಣೆಯ ಲೆಕ್ಕವನ್ನು ಮತ್ತೆ ಮಾಡಿ. ಒಂದು ವಾರವಿರುವಾಗ ಅಲಂಕಾರ, ಅಡುಗೆ, ಧ್ವನಿ ಮತ್ತು ಫೋಟೊದವರನ್ನು ಒಟ್ಟಿಗೆ ಸ್ಥಳಕ್ಕೆ ಕರೆದು, ಯಾರ ಸಾಮಾನು ಎಲ್ಲಿ, ಯಾರ ತಂತಿ ಯಾವ ಪ್ಲಗ್ಗಿಗೆ ಎಂದು ನೆಲದ ಮೇಲೇ ತೀರ್ಮಾನಿಸಿ. ವೇದಿಕೆ ತುರ್ತು ಬಾಗಿಲನ್ನು ಮುಚ್ಚುತ್ತದೆ ಎಂಬುದು ಎಷ್ಟೋ ಸಲ ಈ ಭೇಟಿಯಲ್ಲೇ ಗೊತ್ತಾಗುತ್ತದೆ. ಆ ದಿನ ಕೀಲಿ ಪಡೆದ ಕೂಡಲೇ, ಮೊದಲ ಮೊಳೆ ಹೊಡೆಯುವ ಮುನ್ನ, ಗೋಡೆ, ನೆಲ, ಕುರ್ಚಿಗಳ ಫೋಟೊ ತೆಗೆಯಿರಿ, ವಿದ್ಯುತ್ ಮೀಟರಿನ ಅಂಕಿಯ ಫೋಟೊವನ್ನೂ ತೆಗೆಯಿರಿ. ಮುಗಿದ ಮೇಲೆ ವ್ಯವಸ್ಥಾಪಕರೊಂದಿಗೆ ಒಮ್ಮೆ ಸುತ್ತಿ ಬಂದು, ಅದೇ ಮೀಟರಿನ ಅಂಕಿಯನ್ನು ಇಬ್ಬರೂ ಓದಿ, ಹಾನಿಯಿಲ್ಲವೆಂದು ಸಹಿ ಪಡೆದು ಹೊರಡಿ. ಮದುವೆ ಮನೆಯ ಗಡಿಬಿಡಿಯಲ್ಲಿ ಈ ಕೆಲಸ ನಿಮ್ಮಿಂದಾಗದು; ಹತ್ತಿರದ ಒಬ್ಬರನ್ನು ಇದಕ್ಕೆಂದೇ ಮೊದಲೇ ನೇಮಿಸಿ, ಕರಾರಿನ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟಿರಿ.